ಒಂದು ಹೊತ್ತಿನ ಮಾತ್ರೆ

ಜಾವಗಲ್
12 ಜೂನ್ 2023

ಅಕ್ಕ,

ಸಂಕ್ರಾಂತಿಗೆ ಬರೆದಿದ್ದೇ ಕೊನೆ. ಮನೆಗೆಲ್ಲ ಇರುವುದು ಒಂದೇ ದೊಡ್ಡ ಫೋನು. ಅದು ಇವರ ಜೇಬಿನಲ್ಲಿ ತೆಂಗಿನಕಾಯಿ ವ್ಯಾಪಾರದ ಜೊತೆ ಅರಸೀಕೆರೆ, ಕಣಕಟ್ಟೆ ಸುತ್ತುತ್ತಿರುತ್ತದೆ. ನಿನಗೆ ಕಿವಿ ಕೇಳಿಸುವುದಿಲ್ಲವಾದ್ದರಿಂದ ಮಾತಾಡುವಂತಿಲ್ಲ, ಮೆಸೇಜು ಹಾಕಿದರೆ ಇವರು ಓದದೆ ಬಿಡುವುದಿಲ್ಲ. ಇವರು ಓದಬಾರದ ವಿಷಯ ಅಂತಲೇ ಕಾಗದ.

ಹೆದರಬೇಡ. ನಿನ್ನ ಕಿಡ್ನಿ ಚೆನ್ನಾಗಿದೆ. ಕೊಟ್ಟು ನಾಲ್ಕು ವರ್ಷ ಮೇಲಾಯಿತು, ಒಂದು ದಿನವೂ ತಕರಾರು ಮಾಡಿಲ್ಲ. ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಡಾಕ್ಟರು ರಿಪೋರ್ಟು ನೋಡಿ ನಕ್ಕರು. ಏಪ್ರಿಲ್‌ನಲ್ಲಿ ಹೋಗಲಾಗಲಿಲ್ಲ, ಮದುವೆ ಕಾಲ, ಇಪ್ಪತ್ತೆಂಟು ರವಿಕೆ ಹೊಲಿಯುವುದಿತ್ತು.

ವಿಷಯ ಏನೆಂದರೆ, ಕೈಮೇಲೆ ನರಹುಲಿ ಎದ್ದಿವೆ. ಎರಡು ವರ್ಷದ ಹಿಂದೆ ಮೂರು ನಾಲ್ಕು ಇದ್ದವು, ಈಗ ಎಣಿಸುವುದನ್ನು ಬಿಟ್ಟಿದ್ದೇನೆ. ಬೆರಳ ಸಂದಿ, ಉಗುರ ಸುತ್ತ, ಕುತ್ತಿಗೆಯ ಹಿಂದೆ. ಸೊಂಟದ ಸುತ್ತ ಹುಳುಕಡ್ಡಿ ಬೇರೆ, ಮುಲಾಮು ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಬಲಗೈ ಹಿಂಭಾಗದಲ್ಲಿ, ಕಿರುಬೆರಳಿನ ಬುಡದಲ್ಲಿದ್ದ ಒಂದು ನರಹುಲಿ ಮಾತ್ರ ಒಡೆದು ಹುಣ್ಣಾಗಿದೆ. ಇಸ್ತ್ರಿ ಪೆಟ್ಟಿಗೆ ತಗುಲಿತು ಅಂತ ಇವರಿಗೆ ಹೇಳಿ ಬಟ್ಟೆ ಕಟ್ಟಿಕೊಂಡಿದ್ದೇನೆ. ನೋವಿಲ್ಲ.

ಮೊನ್ನೆ ಎದುರುಮನೆ ಸುವರ್ಣಮ್ಮ ರವಿಕೆ ಅಳತೆ ಕೊಡುವಾಗ ನನ್ನ ಕೈ ಮೈಗೆ ತಾಗದ ಹಾಗೆ ತೋಳು ಎತ್ತಿ ನಿಂತಿದ್ದರು. ನಾನು ನೋಡಿದೆ ಅಂತ ಅವರಿಗೂ ಗೊತ್ತಾಯಿತು.

ನಿಮ್ಮ ಹಾಸ್ಟೆಲಿನ ಹುಡುಗಿಯರಿಗೆ ನರಹುಲಿ ಬಂದರೆ ಏನು ಹಚ್ಚುತ್ತೀರಿ? ಅಷ್ಟು ತಿಳಿಸು.

ಅಕ್ಷತಾ

---

ಲಕ್ಷ್ಮೇಶ್ವರ
24 ಜೂನ್ 2023

ಅಕ್ಷತಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ.

ನರಹುಲಿಗೆ ಇಲ್ಲಿ ಯಾರೂ ಏನೂ ಹಚ್ಚುವುದಿಲ್ಲ. ನೀನೂ ಯಾರು ಏನು ಕೊಟ್ಟರೂ ಹಚ್ಚಬೇಡ. ತಪ್ಪಿಸಿದ ಚೆಕಪ್ಪಿಗೆ ತಡಮಾಡದೆ ಹೋಗಿ ಬಾ. ಹೋದಾಗ ಡಾಕ್ಟರಿಗೆ ಕೈ ತೋರಿಸು, ಆ ಒಡೆದದ್ದನ್ನು ಬಟ್ಟೆ ಬಿಚ್ಚಿ ತೋರಿಸು.

ಇನ್ನೊಂದು ಮಾತು. ಹೊಲಿಗೆ ಮಿಷನ್ನು ಜಗುಲಿಯ ಮೇಲಿಂದ ಒಳಗೆ ಇಟ್ಟುಕೋ. ಅಲ್ಲಿ ಹನ್ನೆರಡು ಗಂಟೆಯವರೆಗೂ ಬಿಸಿಲು ನೇರ ಕೈಮೇಲೆ ಬೀಳುತ್ತದೆ. ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯ. ಹೊರಗೆ ಹೋಗಲೇಬೇಕಾದರೆ ಕೊಡೆ ಹಿಡಿದುಕೋ. ಇದರ ಜೊತೆ ತುಂಬು ತೋಳಿನ ಎರಡು ರವಿಕೆ ಕಳಿಸಿದ್ದೇನೆ. ಮುಖಕ್ಕೆ ಹಚ್ಚುವ ಕ್ರೀಮು ಒಂದಿದೆ, ಬೆಳಿಗ್ಗೆ ಮರೆಯದೆ ಹಚ್ಚಿಕೋ.

ನಾನು ಚೆನ್ನಾಗಿದ್ದೇನೆ. ನೂರಾ ಹತ್ತು ಹುಡುಗಿಯರ ಅಡಿಗೆ, ಉಗ್ರಾಣದ ಬೀಗ, ದಿನ ಹೋಗುವುದು ತಿಳಿಯುವುದಿಲ್ಲ. ದಿವ್ಯಾ ನಾಲ್ಕನೇ ಕ್ಲಾಸಿಗೆ ಬಂದಳಲ್ಲ, ಅವಳ ಕೈಯಲ್ಲಿ ಒಂದು ಸಾಲು ಬರೆಸು.

ಉಷಾ

---

ಜಾವಗಲ್
9 ಜುಲೈ 2023

ಅಕ್ಕ,

ರವಿಕೆ ತಲುಪಿದವು. ಬಿಳಿಯ ರವಿಕೆ. ಕ್ರೀಮೂ ತಲುಪಿತು.

ನಾನು ಕೇಳಿದ್ದು ನರಹುಲಿಗೆ ಔಷಧಿ, ನೀನು ಕಳಿಸಿದ್ದು ಬೆಳ್ಳಗಾಗುವ ಕ್ರೀಮು. ಚಿಕ್ಕಂದಿನಲ್ಲಿ ಅವ್ವ ನೆಂಟರ ಮುಂದೆ ಹೇಳುತ್ತಿದ್ದುದು ನೆನಪಿದೆಯಾ? 'ದೊಡ್ಡೋಳು ಕೆನೆ ಬಣ್ಣ, ಕಿವಿ ಕೇಳ್ಸಾಕಿಲ್ಲ. ಚಿಕ್ಕೋಳಿಗೆ ಎಲ್ಲಾ ಸರಿಯಾಗೈತೆ, ಬಣ್ಣ ಒಂದೇ ಇಲ್ಲ.' ನಿನಗೆ ಕೇಳಿಸುತ್ತಿರಲಿಲ್ಲ. ನನಗೆ ಕೇಳಿಸುತ್ತಿತ್ತು. ನೀನಾದರೂ ನನ್ನ ಬಣ್ಣ ನೋಡುವುದಿಲ್ಲ ಅಂದುಕೊಂಡಿದ್ದೆ.

ಮೈಯೆಲ್ಲ ಕಡಲೆಕಾಳಿನ ಹಾಗೆ ಎದ್ದು ನಿಂತಿರುವವಳಿಗೆ ಕಪ್ಪಾಗುತ್ತೀಯ ಅಂತ ಬರೆಯುತ್ತೀಯಲ್ಲ. ಇಷ್ಟು ಬರೆಯುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸುತ್ತದೆ. ನಿನ್ನ ಕಿಡ್ನಿ ಇಟ್ಟುಕೊಂಡು ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಅದು ಯಾರ ಸಿಟ್ಟು?

ಮಿಷನ್ನು ಜಗುಲಿಯಲ್ಲೇ ಇದೆ. ಒಳಗೆ ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕಿಲ್ಲ. ಬೆಂಗಳೂರಿಗೆ ಆಷಾಢ ಕಳೆದ ಮೇಲೆ.

ಅಕ್ಷತಾ

---

ಲಕ್ಷ್ಮೇಶ್ವರ
20 ಜುಲೈ 2023

ಅಕ್ಷತಾ,

ತಪ್ಪಾಯಿತು. ನಿನ್ನ ಬಣ್ಣದ ಮಾತು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಅದು ಬೆಳ್ಳಗಾಗುವ ಕ್ರೀಮು ಅಲ್ಲ, ಬಿಸಿಲು ತಡೆಯುವುದು. ಯಾಕೆ ಅಂತ ಕೇಳಬೇಡ, ಹಚ್ಚಿಕೋ.

ನಿನಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿದೆ. ನಾನು ಕೊಟ್ಟ ಮೇಲೆ ಅದು ನಿನ್ನದು. ನನ್ನದು ಅಂತ ಇನ್ನೊಮ್ಮೆ ಬರೆಯಬೇಡ.

ಕೈ ಹೇಗಿದೆ? ಆ ಹುಣ್ಣು ಆರಿತೋ, ಹಾಗೇ ಇದೆಯೋ, ದೊಡ್ಡದಾಗಿದೆಯೋ? ಎಷ್ಟು ದೊಡ್ಡದು? ಅಂಚು ಗಟ್ಟಿಯಾಗಿದೆಯಾ? ಇದಕ್ಕೆ ಮಾತ್ರ ನಿಜ ಬರೆ.

ಉಷಾ

---

ಲಕ್ಷ್ಮೇಶ್ವರ
2 ಸೆಪ್ಟೆಂಬರ್ 2023

ಅಕ್ಷತಾ,

ಆರು ವಾರವಾಯಿತು. ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ. ಕೊನೆಗೆ ನಿನ್ನ ಗಂಡನಿಗೇ, ಇಂದ್ರೇಶನಿಗೇ ಮೆಸೇಜು ಹಾಕಿದೆ. 'ಆರಾಮಾಗಿದ್ದಾಳೆ, ಅತ್ತಿಗೆ. ಕೆಲಸ ಜಾಸ್ತಿ' ಅಂತ ಬಂತು. ಅವನಿಗೆ ಎಷ್ಟು ಗೊತ್ತೋ ಅಷ್ಟು ಹೇಳಿದ್ದಾನೆ. ನಾನು ನಿನ್ನ ಮಾತು ಮೀರಿ ಅವನಿಗೆ ಏನೂ ಬರೆದಿಲ್ಲ.

ಒಂದು ಸಾಲು ಹಾಕು.

ಉಷಾ

---

ಜಾವಗಲ್
18 ಸೆಪ್ಟೆಂಬರ್ 2023

ಅಕ್ಕ,

ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ. ಈಗ ಸ್ವಲ್ಪ ಇದೆ.

ಮೊದಲು ಕೆಟ್ಟದ್ದು ಮುಗಿಸುತ್ತೇನೆ. ಗೌರಿ ಹಬ್ಬಕ್ಕೆ ಒಂದು ರವಿಕೆಯೂ ಬರಲಿಲ್ಲ. ಸುವರ್ಣಮ್ಮ ಮಗಳ ಮದುವೆಗೆ ಅಂತ ಹನ್ನೆರಡು ಪೀಸು ಕೊಟ್ಟಿದ್ದರು. ಶ್ರಾವಣದಲ್ಲಿ ಬಂದು ಬಾಗಿಲಲ್ಲೇ ನಿಂತರು. 'ಬಟ್ಟೆ ಹಂಗೇ ಕೊಟ್ಬಿಡವ್ವ, ಮದ್ವೆ ಮುಂದಕ್ಕೆ ಹೋಯ್ತು' ಅಂದರು. ನಾನು ತಂದುಕೊಟ್ಟೆ. ಸೆರಗು ಒಡ್ಡಿ ಹಾಕಿಸಿಕೊಂಡರು, ಕೈಯಲ್ಲಿ ಮುಟ್ಟಲಿಲ್ಲ. ಮದುವೆ ಹೋದ ವಾರ ಹೇಳಿದ ದಿನಕ್ಕೇ ಆಯಿತು.

ದಿವ್ಯಾ ಶಾಲೆಗೆ ಕಟ್ಟಿಕೊಂಡು ಹೋದ ಚಪಾತಿ ವಾಪಸ್ಸು ತರುತ್ತಾಳೆ. ಹಸಿವಿರಲಿಲ್ಲ ಅನ್ನುತ್ತಾಳೆ. ಒಂದು ದಿನ ಕೇಳಿದಳು, 'ಅಮ್ಮ, ನಾಳೆಯಿಂದ ಅಪ್ಪನೇ ಜಡೆ ಹಾಕಲಿ, ಆಯ್ತಾ?' ಇವರು ಬೆಳಿಗ್ಗೆ ಲಾರಿಗೆ ಕಾಯಿ ತುಂಬಿಸಿ ಬಂದು, ಆ ಒರಟು ಕೈಯಲ್ಲಿ ಅವಳ ಕೂದಲು ಹಿಡಿದು ಕೂರುತ್ತಾರೆ. ಸೊಟ್ಟ ಜಡೆ ಹಾಕಿಕೊಂಡು ಹೋಗುತ್ತಾಳೆ. ನಾನು ಒಳಗಿರುತ್ತೇನೆ.

ಈಗ ಒಳ್ಳೆಯದು. ಹಳೇಬೀಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಜವರಯ್ಯ ಅಂತ ಒಬ್ಬರಿದ್ದಾರೆ. ಸೊಪ್ಪಿನ ಔಷಧಿ ಕೊಡುತ್ತಾರೆ. ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದುಕೊಂಡು ಹೋದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದರು ಅಕ್ಕ. ಎಷ್ಟು ತಿಂಗಳಾಗಿತ್ತು ಒಬ್ಬರು ಹಾಗೆ ಹಿಡಿದು. ಅಲ್ಲೇ ಅತ್ತುಬಿಟ್ಟೆ. ದಿನಾ ಏನೇನು ಮಾತ್ರೆ ನುಂಗುತ್ತೀಯ ಅಂತ ಕೇಳಿದರು. ಹೇಳಿದೆ. 'ಮೈಗೆ ಒಂದು ಕಾವಲು ಅಂತ ಐತೆ ಕಣವ್ವ. ಈ ಮಾತ್ರೆ ಅದನ್ನ ಮಲಗಿಸ್ಬುಟ್ಟೈತೆ. ಕಾವಲಿಲ್ದ ಹೊಲಕ್ಕೆ ಕಳೆ ಬರಾಕಿಲ್ವಾ?' ಅಂದರು. ನಾಲ್ಕು ವರ್ಷದಲ್ಲಿ ನನಗೆ ಅರ್ಥವಾಗುವ ಹಾಗೆ ಹೇಳಿದವರು ಅವರೊಬ್ಬರೇ.

ಒಂದು ತೀರ್ಮಾನ ಮಾಡಿದ್ದೇನೆ. ಈಗಲೇ ಬರೆಯುವುದಿಲ್ಲ. ದೀಪಾವಳಿಯ ಹೊತ್ತಿಗೆ ಎಲ್ಲ ತಿಳಿಯಾಗುತ್ತದೆ.

ಅಕ್ಷತಾ

---

ಲಕ್ಷ್ಮೇಶ್ವರ
1 ಅಕ್ಟೋಬರ್ 2023

ಅಕ್ಷತಾ,

ತೀರ್ಮಾನ ಮಾಡಿದೆಯಲ್ಲ, ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬೆಂಗಳೂರಿಗೆ ಹೋಗುವುದನ್ನೇ ಬರೆದಿದ್ದೀಯ ಅಂತ ಗೊತ್ತು. ಖರ್ಚಿನ ಮಾತು ಬರಬಾರದೆಂದು ಮುಚ್ಚಿಡುತ್ತಿದ್ದೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ? ಹೋದ ಕೂಡಲೇ ಚರ್ಮದ ಡಾಕ್ಟರಿಗೂ ತೋರಿಸು. ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂದರೆ ಬೇಡ ಅನ್ನಬೇಡ.

ಜವರಯ್ಯನವರ ಸೊಪ್ಪು ಗಾಯಕ್ಕೆ ಹಚ್ಚುತ್ತಿದ್ದರೆ ಇವತ್ತೇ ಬಿಡು. ಅವರು ಕೈ ಹಿಡಿದದ್ದಕ್ಕೆ ಮಾತ್ರ ನಾನು ಅವರಿಗೆ ಋಣಿ.

ದಸರೆ ರಜೆಗೆ ನಾನೇ ಬರಬೇಕೆಂದಿದ್ದೆ. ಅಡಿಗೆಯ ಚಲುವಮ್ಮನಿಗೆ ಹೆರಿಗೆ, ಬದಲಿ ಯಾರೂ ಇಲ್ಲ. ದೀಪಾವಳಿ ಮುಗಿಸಿ ಬರುತ್ತೇನೆ.

ಉಷಾ

---

ಜಾವಗಲ್
6 ನವೆಂಬರ್ 2023

ಅಕ್ಕ,

ಬೆಂಗಳೂರಿಗೆ ನಾನು ಹೋಗಿಲ್ಲ.

ಆಗಸ್ಟ್ ಕೊನೆಯಿಂದ ಸಂಜೆಯ ಮಾತ್ರೆ ಬಿಟ್ಟಿದ್ದೇನೆ. ಬೆಳಗಿನದು ಮಾತ್ರ ನುಂಗುತ್ತೇನೆ. ಅದೇ ನನ್ನ ತೀರ್ಮಾನ. ಇವರು ರಾತ್ರಿ ಬಂದು ಮಾತ್ರೆಯ ಖಾಲಿ ಶೀಟು ನೋಡುತ್ತಾರೆ, ಆದ್ದರಿಂದ ಸಂಜೆಯದನ್ನು ಶೀಟಿನಿಂದ ಬಿಡಿಸಿ ಬಚ್ಚಲಿಗೆ ಹಾಕುತ್ತಿದ್ದೆ. ಜವರಯ್ಯ ಬಿಡು ಅಂತ ಹೇಳಲಿಲ್ಲ. ಪೂರ್ತಿ ಬಿಟ್ಟರೆ ನಿನ್ನ ಕಿಡ್ನಿಗೆ ಏಟು ಬೀಳುತ್ತದೆ, ಅರ್ಧ ಬಿಟ್ಟರೆ ಕಿಡ್ನಿ, ಚರ್ಮ ಎರಡೂ ಉಳಿಯುತ್ತವೆ ಅಂತ ನಾನೇ ಲೆಕ್ಕ ಹಾಕಿದೆ.

ನಂಬು ಅಕ್ಕ, ಒಂದೂವರೆ ತಿಂಗಳಿಗೆ ನರಹುಲಿ ಒಣಗಿದವು. ಕುತ್ತಿಗೆಯವು ಉದುರಿಯೇ ಹೋದವು. ಹುಳುಕಡ್ಡಿ ಇಲ್ಲ. ದಸರೆಯ ದಿನ ದಿವ್ಯಾ ತಾನಾಗಿ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು, ಜಡೆ ಹಾಕು ಅಂತ. ಆ ದಿನ ನಾನು ಗೆದ್ದೆ ಅಂದುಕೊಂಡೆ.

ಬಲಗೈಯ ಹುಣ್ಣು ಮಾತ್ರ ಹೋಗಲಿಲ್ಲ. ಅದು ಈಗ ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಅಂಚು ಗಟ್ಟಿಯಾಗಿದೆಯಾ ಅಂತ ಕೇಳಿದ್ದೆಯಲ್ಲ, ಗಟ್ಟಿಯಾಗಿದೆ. ನಡುವೆ ಹೂಕೋಸಿನ ಹಾಗೆ ಎದ್ದಿದೆ, ಮುಟ್ಟಿದರೆ ರಕ್ತ. ವಾಸನೆ ಬರುತ್ತದೆ. ಕಿರುಬೆರಳು ಮಡಚಲು ಬರುವುದಿಲ್ಲ. ಬಲ ಕಂಕುಳಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಗುತ್ತದೆ.

ಈ ವಾರದಿಂದ ಪಾದ ಊದಿಕೊಂಡಿದೆ. ಬೆಳಿಗ್ಗೆ ಕಣ್ಣಿನ ಕೆಳಗೂ. ಉಚ್ಚೆ ಕಡಿಮೆಯಾಗಿದೆ. ಇದು ಹೇಗೆ ಶುರುವಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇವರಿಗೆ ಹೇಗೆ ಹೇಳಲಿ? ನೀನು ಕೊಟ್ಟದ್ದನ್ನು ನಾನು ಬಚ್ಚಲಿಗೆ ಹಾಕಿದೆನಾ?

ಅಕ್ಷತಾ

---

ಲಕ್ಷ್ಮೇಶ್ವರ
10 ನವೆಂಬರ್ 2023
(ಸ್ಪೀಡ್ ಪೋಸ್ಟ್)

ಅಕ್ಷತಾ,

ಇದು ಸಿಗುವ ಮೊದಲೇ ಇಂದ್ರೇಶ ನಿನ್ನನ್ನು ಬೆಂಗಳೂರಿಗೆ ಹೊರಡಿಸಿರುತ್ತಾನೆ. ಅವನಿಗೆ ಎಲ್ಲ ಬರೆದು ಮೆಸೇಜು ಹಾಕಿದ್ದೇನೆ, ನಿನ್ನ ಕಾಗದದ ಫೋಟೋ ಸಮೇತ. ನೀನು ಬೈಯಬಹುದು. ಸಂಜೆಯ ಮಾತ್ರೆ ಬಿಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡಬೇಡ, ಅವರು ಹೇಳಿದ ಹಾಗೆ ನಡೆದುಕೋ. ನಾನೂ ಹೊರಡುತ್ತಿದ್ದೇನೆ. ಎದುರಿಗೆ ನಿಂತರೆ ನಾನು ಬರೆದು ತೋರಿಸುವುದನ್ನು ನೀನು ಓದುತ್ತೀಯೋ ಇಲ್ಲವೋ, ಅದಕ್ಕೆ ಇಲ್ಲೇ ಬರೆಯುತ್ತೇನೆ.

2019ರ ಮಾರ್ಚ್, ಆಪರೇಷನ್ನಿನ ಹಿಂದಿನ ದಿನ. ಡಾಕ್ಟರು ನನ್ನನ್ನು ಕರೆದು, ಕಿವಿ ಕೇಳಿಸುವುದಿಲ್ಲವಲ್ಲ, ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಮಾತ್ರೆ ಜೀವನಪೂರ್ತಿ. ಆ ಮಾತ್ರೆಯಿಂದ ಮೈಯ ಶಕ್ತಿ ತಗ್ಗುತ್ತದೆ, ಚರ್ಮಕ್ಕೆ ಸೋಂಕು, ನರಹುಲಿ ಬರಬಹುದು. ಬಿಸಿಲು ತಪ್ಪಿಸಬೇಕು. ವರ್ಷಕ್ಕೊಮ್ಮೆ ಮೈಯೆಲ್ಲ ಚರ್ಮದ ಡಾಕ್ಟರಿಗೆ ತೋರಿಸಬೇಕು. ಆರದ ಹುಣ್ಣು ಕಂಡರೆ ತಡಮಾಡಬಾರದು, ಕ್ಯಾನ್ಸರ್ ಇರಬಹುದು. ಕೆಳಗೆ ಒಂದು ಸಾಲು: 'ನಿಮ್ಮ ತಂಗಿಗೆ ಚುಟುಕಾಗಿ ಹೇಳಿದ್ದೇನೆ, ಹೆದರಿದ್ದಾರೆ, ನಿಧಾನವಾಗಿ ನೀವು ವಿವರಿಸಿ.'

ನಾನು ವಾರ್ಡಿಗೆ ಬಂದೆ. ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನನ್ನನ್ನು ನೋಡಿ ಎದ್ದು ಕೂತು, ನಾನು ತುಟಿ ಓದಲೆಂದು ನಿಧಾನವಾಗಿ ಅಂದೆ: 'ಡಾಕ್ಟ್ರು ಇನ್ನೊಂದು ಕಾಯಿಲೆ ಬರಬಹುದು ಅಂತಾರೆ. ಹಂಗಾದ್ರೆ ನಂಗೆ ಬೇಡ ಈ ಆಪರೇಷನ್ನು. ನಿನ್ನದನ್ನ ಹಾಳು ಮಾಡೋದು ಬೇಡ. ಊರಿಗೆ ಹೋಗೋಣ.' ದಿವ್ಯಾಗೆ ಆಗ ಐದು ವರ್ಷ.

ನಾನು ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ಬರೆದು ಮಾತಾಡುವ ಸ್ಲೇಟಿನ ಮೇಲೆ 'ಡಾಕ್ಟರು ಸುಮ್ಮನೆ ಹೆದರಿಸಿದ್ದು, ಏನೂ ಬರುವುದಿಲ್ಲ, ನನ್ನನ್ನೇ ಕೇಳು' ಅಂತ ಬರೆದೆ. ನೀನು ನಂಬಿದೆ.

ಆಪರೇಷನ್ ಆದ ಮೇಲೆ ಹೇಳೋಣ ಅಂದುಕೊಂಡೆ. ನೀನು ಚೇತರಿಸಿಕೊಳ್ಳುವುದನ್ನು ನೋಡಿ, ಇನ್ನು ಸ್ವಲ್ಪ ದಿನ ಹೋಗಲಿ ಅಂದುಕೊಂಡೆ. ಆಮೇಲೆ ನೀನು ಮಿಷನ್ನು ಕೊಂಡೆ, ನಗುತ್ತಾ ಕಾಗದ ಬರೆಯುತ್ತಿದ್ದೆ. ಹೇಳುವುದಕ್ಕೆ ಒಂದು ದಿನವೂ ಸರಿಯಾಗಿ ಕಾಣಲಿಲ್ಲ. ಜೂನ್ ತಿಂಗಳ ಕಾಗದ ಓದಿದಾಗಲೇ ನನಗೆ ತಿಳಿದಿತ್ತು. ಆಗಲೂ ನಾನು ಕಪ್ಪಾಗುತ್ತೀಯ ಅಂತ ಬರೆದೆ. ಹರಿದ ಎರಡು ಹಾಳೆಯಲ್ಲಿ ನಿಜ ಇತ್ತು.

ಜವರಯ್ಯ ಹೇಳಿದ ಕಾವಲಿನ ಮಾತು ಸುಳ್ಳಲ್ಲ. ಅದನ್ನು ನಾನು ಮೊದಲು ಹೇಳಿದ್ದರೆ, ಕಾವಲು ಯಾಕೆ ಮಲಗಬೇಕು ಅಂತಲೂ ಹೇಳುತ್ತಿದ್ದೆ. ನೀನು ಬಚ್ಚಲಿಗೆ ಹಾಕುತ್ತಿರಲಿಲ್ಲ.

ಆ ಹಾಳೆ ಇದರ ಜೊತೆ ಇದೆ.

ಉಷಾ

---

ಲಕ್ಷ್ಮೇಶ್ವರ
19 ಡಿಸೆಂಬರ್ 2023

ಅಕ್ಷತಾ,

ಆರು ದಿನ ವಾರ್ಡಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದೆ. ನಿನಗೆ ಗೊತ್ತು. ಬಾಗಿಲು ತೆರೆದಾಗಲೆಲ್ಲ ನಿನ್ನ ಮಂಚದ ಕಾಲು ಕಾಣುತ್ತಿತ್ತು. ಇಂದ್ರೇಶ ಹೊರಗೆ ಬಂದು ಪ್ರತಿದಿನವೂ, ಒಳಗೆ ಬರುವುದು ಬೇಡವಂತೆ ಅಂತ ತಲೆ ಆಡಿಸುತ್ತಿದ್ದ. ನಾಲ್ಕನೆಯ ದಿನ ಅವನೇ ನನ್ನ ಪಕ್ಕ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು. ನಾನು ಸಮಾಧಾನ ಹೇಳಲಿಲ್ಲ, ಯಾವ ಮುಖದಿಂದ ಹೇಳಲಿ?

ಕ್ಯಾನ್ಸರ್ ಅಂತ ಅವನೇ ಬರೆದು ತೋರಿಸಿದ. ಎರಡು ಬೆರಳು, ಕೈ ಹಿಂಭಾಗದ ಮಾಂಸ, ಕಂಕುಳಿನ ಗಂಟು ತೆಗೆದರು ಅಂದ. ಕಿಡ್ನಿಯ ಬಗ್ಗೆ ಕೇಳಿದರೆ ಪೆನ್ನು ಕೆಳಗಿಟ್ಟ.

ಹೊರಡುವ ದಿನ ಡಾಕ್ಟರನ್ನು ಕಾಯ್ದು ನಿಲ್ಲಿಸಿದೆ. ಆಗ ನನಗೆ ಹಾಳೆ ಬರೆದುಕೊಟ್ಟವರೇ. ತಲೆ ನರೆತಿದೆ. 'ನನ್ನ ಇನ್ನೊಂದನ್ನು ತೆಗೆದುಕೊಳ್ಳಿ' ಅಂತ ಬರೆದು ಕೊಟ್ಟೆ. ಅವರು ಓದಿದರು. ಚೀಟಿಯನ್ನು ಮಡಚಿ ನನ್ನ ಕೈಯಲ್ಲೇ ಇಟ್ಟು, ಬೆರಳು ಮುಚ್ಚಿಸಿ ಹೋದರು.

ಬರೆಯಬೇಡ ಅಂದರೆ ಬರೆಯುವುದಿಲ್ಲ. ಅದನ್ನಾದರೂ ಬರೆ.

ಉಷಾ

---

ಜಾವಗಲ್
3 ಮಾರ್ಚ್ 2024

ಅಕ್ಕ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪ ಬರೆದಿದ್ದು.

ಕಿಡ್ನಿ ಹೋಯಿತು. ಡಿಸೆಂಬರ್ ಕೊನೆಗೆ ನಿಂತಿತು. ಸೋಮವಾರ, ಬುಧವಾರ, ಶುಕ್ರವಾರ ಅರಸೀಕೆರೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಿಗ್ಗೆ ಏಳರ ಬಸ್ಸು. ಸೂಜಿ ಹಾಕುವುದು ಎಡ ತೋಳಿಗೆ, ಆಪರೇಷನ್ನಿಗೆ ಮೊದಲು ಡಯಾಲಿಸಿಸ್‌ಗೆ ಚುಚ್ಚುತ್ತಿದ್ದ ಹಳೆಯ ಜಾಗಕ್ಕೇ. ಸೂಜಿಗೂ ಬರವಣಿಗೆಗೂ ಈಗ ಒಂದೇ ಕೈ.

ಕಿಡ್ನಿ ಇಲ್ಲವಲ್ಲ, ಆ ಮಾತ್ರೆಯನ್ನೂ ಇಳಿಸುತ್ತಾ ಬಂದು ನಿಲ್ಲಿಸಿದರು. ಮಾತ್ರೆ ನಿಂತ ಮೇಲೆ ಚರ್ಮ ಶುದ್ಧವಾಯಿತು. ಒಂದೂ ನರಹುಲಿ ಇಲ್ಲ. ಮೊನ್ನೆ ಸುವರ್ಣಮ್ಮ ಬಂದು ನನ್ನ ಕೆನ್ನೆ ಸವರಿದರು. 'ಎಷ್ಟು ಲಕ್ಷಣವಾಗಿದ್ದೀಯ ಕಣವ್ವ, ದೇವರು ಕಣ್ಣು ಬಿಟ್ಟ' ಅಂದರು. ನಾನು ಕಾಫಿ ಮಾಡಿಕೊಟ್ಟೆ. ಕುಡಿದರು. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ಕಿರುಚಿದೆ. ಇವರು ಬಾಗಿಲು ಬಡಿದರು.

ಇದೇ ಚರ್ಮ ಬೇಕಿತ್ತು ನನಗೆ. ಇದಕ್ಕಾಗಿಯೇ ಮಾಡಿದೆ.

ಕಂಕುಳಿನ ಎರಡು ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಅದಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದಾರೆ. ಜೂನ್‌ನಲ್ಲಿ ಸ್ಕ್ಯಾನ್. ಕ್ಯಾನ್ಸರ್ ಬೇರೆ ಎಲ್ಲಿಗೂ ಹೋಗಿಲ್ಲದಿದ್ದರೆ, ಇನ್ನೂ ಕೆಲವು ವರ್ಷ ಕಾದು, ಮತ್ತೆ ಕಿಡ್ನಿಯ ಮಾತು ಎತ್ತಬಹುದು ಅಂದರು. ಹೋಗಿದ್ದರೆ ಅಂತ ನಾನು ಕೇಳಲಿಲ್ಲ.

ನಿನ್ನನ್ನು ಯಾಕೆ ಒಳಗೆ ಬಿಡಲಿಲ್ಲ ಅಂತ ಹೇಳಬೇಕು. ಆ ದಿನ ನೀನು ಹಾಳೆ ತೋರಿಸಿದ್ದರೆ ನಾನು ಊರಿಗೆ ವಾಪಸ್ಸು ಬರುತ್ತಿದ್ದೆ, ಖಂಡಿತ. ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದೆನೋ ಏನೋ. ದಿವ್ಯಾಗೆ ನನ್ನ ಮುಖ ನೆನಪಿರುತ್ತಿರಲಿಲ್ಲ. ಆದರೆ ಅದಾದ ಮೇಲೆ ನಾಲ್ಕು ವರ್ಷ ಇತ್ತಲ್ಲ ಅಕ್ಕ. ಒಂದು ಕಾಗದದಲ್ಲಿ, ಒಂದು ಸಾಲು. ಮಂಚದ ಮೇಲೆ ಮಲಗಿ ಒಂದು ಗಳಿಗೆ ನಿನ್ನ ಕಾಲು ಹಿಡಿಯಬೇಕು ಅನ್ನಿಸುತ್ತಿತ್ತು, ಮರುಗಳಿಗೆ ನಿನ್ನ ಮುಖಕ್ಕೆ ಏನಾದರೂ ಎಸೆಯಬೇಕು ಅನ್ನಿಸುತ್ತಿತ್ತು. ಬಾಗಿಲು ತೆರೆದರೆ ಯಾವುದು ಬರುತ್ತದೋ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ನಾನೂ ನಿನಗೆ ಹೇಳದೆಯೇ ಮಾಡಿದೆ. ಅದನ್ನೂ ಮರೆತಿಲ್ಲ.

ಡಯಾಲಿಸಿಸ್ ನಾಲ್ಕು ಗಂಟೆ. ಇವರು ಕೂತರೆ ವ್ಯಾಪಾರ ನಿಲ್ಲುತ್ತದೆ, ಕಳಿಸಿಬಿಡುತ್ತೇನೆ. ಕಳೆದ ಬುಧವಾರ ನಡುವೆ ಬಿಪಿ ಇಳಿದು ಕಣ್ಣು ಕತ್ತಲೆ ಬಂತು. ಪಕ್ಕದ ಮಂಚದವರ ಮನೆಯವರು ನರ್ಸನ್ನು ಕೂಗಿದರು. ಎಚ್ಚರವಾದಾಗ ನನ್ನ ಮಂಚದ ಪಕ್ಕದ ಸ್ಟೂಲು ಖಾಲಿ ಇತ್ತು.

ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಅರಸೀಕೆರೆ. ಸ್ಟೇಷನ್ನಿನಿಂದ ಆಸ್ಪತ್ರೆ ದೂರವಿಲ್ಲ. ಯಾವ ಶುಕ್ರವಾರವಾದರೂ ಸರಿ.

ಬಂದರೆ ನಾನು ಬೈಯಬಹುದು. ನಿನಗೆ ಕೇಳಿಸದಿದ್ದರೂ ಮುಖ ನೋಡಿದರೆ ತಿಳಿಯುತ್ತದೆ. ತಿಳಿದರೂ ಎದ್ದು ಹೋಗಬೇಡ.

ಅಕ್ಷತಾ